ಮುಯ್ಯಿಗೆ ಕೊಟ್ಟ ಹೀಲರ್

ಆಗಸ್ಟ್ 4, ಸೋಮವಾರ

ಅಕ್ಷರ ಕೆಟ್ಟದಾಗಿದೆ, ಕ್ಷಮಿಸಬೇಕು. ಯಾರನ್ನು ಕೇಳಿಕೊಳ್ಳುತ್ತಿದ್ದೇನೋ ಗೊತ್ತಿಲ್ಲ, ಇದನ್ನು ಓದುವವರೇ ಇಲ್ಲ. ಐದನೇ ಕ್ಲಾಸಿಗೆ ನಿಂತ ಕೈ. ಒತ್ತಕ್ಷರದಲ್ಲಿ ತಪ್ಪು ಇದ್ದೇ ಇರುತ್ತದೆ. ಅದರ ಮೇಲೆ ಹೊಗೆಸೊಪ್ಪಿನ ಅಂಟು. ಎಷ್ಟು ತಿಕ್ಕಿದರೂ ಪೆನ್ನು ಬೆರಳು ಬಿಡುವುದಿಲ್ಲ.

ಇವತ್ತು ದೊಡ್ಡತಾಯಮ್ಮನ ಮನೆಗೆ ಮುಯ್ಯಿ. ನಾನು, ಪ್ರಮೀಳಾ ಅತ್ತಿಗೆ ಇಬ್ಬರೂ ಹೋಗಿದ್ದೆವು. ನಾಳೆ ಅವರು ನಮ್ಮಲ್ಲಿಗೆ ಬಂದು ಆ ಕೆಲಸ ತೀರಿಸುತ್ತಾರೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟಿದ್ದೇ ಕಟ್ಟಿದ್ದು. ಸಂಜೆ ಏಳುವ ಹೊತ್ತಿಗೆ ದೊಡ್ಡತಾಯಮ್ಮ ಕೂಗಿದಳು.

“ಅರ್ಧ ಕಡ್ಡಿ ಬುಟ್ಟು ಏಳ್ಬ್ಯಾಡ್ರವ್ವಾ. ಯಾರಾದ್ರೂ ಸುರು ಮಾಡಿರ್ಲಿ, ಕೈಗ್ ಸಿಕ್ಕಿದೋರು ಮುಗ್ಸಿ.”

ಯಾರೋ ಬಿಟ್ಟದ್ದನ್ನು ನಾನೇ ಕಟ್ಟಿ ಮುಗಿಸಿದೆ. ಅರ್ಧ ಕಡ್ಡಿ ಶಾಖಕ್ಕೆ ಸಡಿಲವಾಗಿ ಒಲೆಯ ಕೊಳವೆ ಮೇಲೆ ಉದುರಿ ಬೆಂಕಿ ಹಿಡಿಯುತ್ತದೆ. ಅದಕ್ಕೇ ಈ ಪದ್ಧತಿ.

ಫೋನಿನ ಗೇಮಲ್ಲೂ ನಮ್ಮದು ಮುಯ್ಯಿಯೇ. ಟೀಮಿನಲ್ಲಿ ಎಲ್ಲರೂ ದುಡಿಯುವವರು. ನಾನು ಸೊಪ್ಪು ಕಟ್ಟುವಾಗ, ಗಾಯ ವಾಸಿ ಮಾಡುವ ನನ್ನ ಹೀಲರನ್ನು ಅಂತರಸಂತೆಯ ಸ್ವಾಮಿ ಆಡಿಸುತ್ತಾರೆ. ಅವರು ಕಾಡಿಗೆ ವಾಚರ್ ಕೆಲಸಕ್ಕೆ ಹೋದಾಗ ಅವರ ಮಂತ್ರವಾದಿಯನ್ನು ನಾನು. ಇಬ್ಬರ ಪಾಸ್‌ವರ್ಡೂ ಇಬ್ಬರ ಹತ್ತಿರ ಇದೆ. ಅವರ ಮುಖ ನೋಡಿಲ್ಲ. ಅವರು ವಾಯ್ಸ್ ಕಳಿಸುತ್ತಾರೆ, ನಾನು ‘ಹೂಂ’ ಎಂದು ಒತ್ತುತ್ತೇನೆ. ಫೋನಲ್ಲಿ ಮಾತಾಡು ಎಂದರೆ ನನ್ನಿಂದ ಆಗದು.

ಅಲ್ಲಿ ನನ್ನ ಹೆಸರು ಬೇವಿನೆಲೆ. ಮನೆಯಲ್ಲಿ ಪುಟ್ಟೀ ಎಂದು ಕೂಗುವುದು ನೀರಿಗೆ, ಸೌದೆಗೆ. ಅಲ್ಲಿ ಬೇವಿನೆಲೆ ಎಂದು ಕೂಗುವುದು ಜೀವಕ್ಕೆ. ಗಾಯವಾದವರೆಲ್ಲ ನನ್ನನ್ನೇ ಕರೆಯುತ್ತಾರೆ.

ಈಗ ಬೇವಿನೆಲೆಗೆ ಎರಡನೇ ಕ್ಲಾಸ್, ಅಂದರೆ ಇನ್ನೊಂದು ವಿದ್ಯೆ, ಸೇರಿಸಿಕೊಳ್ಳುವ ಲೆವೆಲ್ ಬಂದಿದೆ. ಒಮ್ಮೆ ಸೇರಿಸಿದರೆ ಬಿಡಿಸಲು ಆಗುವುದಿಲ್ಲ. ಹೀಲರ್ ಜೊತೆ ಗಾರ್ಡ್ ಸೇರಿಸು ಎಂದು ಟೀಮ್ ಲೀಡರ್ ವಸಂತ್ ಹೇಳಿದ್ದಾನೆ. ಹುಣಸೂರು ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಕವರ್ ಮಾರುವವನು. ಗಾರ್ಡ್ ಸೇರಿದ ಹೀಲರ್ ಬೇಗ ಸಾಯುವುದಿಲ್ಲವಂತೆ. ಭಾನುವಾರ ಕೋಟೆ ಯುದ್ಧ. ಸುಮ್ಮನೆ ಒಂದೊಂದು ಕ್ಲಾಸಿನ ಚಿತ್ರ ಒತ್ತಿ ನೋಡುತ್ತಿದ್ದೆ, ಅತ್ತಿಗೆ ಕರೆದಳು. ಫೋನ್ ಇಟ್ಟು ಎದ್ದೆ.

ಆಗಸ್ಟ್ 6, ಬೆಳಿಗ್ಗೆ

ಬೇವಿನೆಲೆಯ ಕೆಳಗೆ ‘ಹೀಲರ್–ಕಳ್ಳ’ ಎಂದು ಬಂದಿದೆ.

ಗಾರ್ಡ್ ಅಲ್ಲ, ಕಳ್ಳ. ಆ ಚಿತ್ರವನ್ನು ನೋಡಿದ್ದು ನಿಜ. ಆದರೆ ನೋಡುವುದು ಬೇರೆ, ಸೇರಿಸುವುದು ಬೇರೆ. ಓಕೆ ನಾನು ಒತ್ತಿಲ್ಲ. ನಿನ್ನೆ ಇಡೀ ದಿನ ನಾನು ನಮ್ಮ ಬ್ಯಾರನ್ ಮುಂದೆ ಇದ್ದೆ. ಬೇವಿನೆಲೆ ಇದ್ದದ್ದು ಸ್ವಾಮಿಯ ಕೈಯಲ್ಲಿ.

ಅತ್ತಿಗೆಗೆ ತೋರಿಸಿದೆ.

“ಕೇಳ್ಬುಡು ಅವ್ರನ್ನೇ.”

“ಕೇಳಿದ್ರೆ ಒಪ್ಕೋತಾರಾ?”

“ಒಪ್ಪದಿದ್ರೆ ಆಮ್ಯಾಕ್ ನೋಡಾನ. ಬಾಯ್ನೇನ್ ಉಪ್ಪಿನ್ಕಾಯಿ ಹಾಕಿಟ್ಟಿದ್ದೀಯಾ?”

ಕೇಳಲಿಲ್ಲ.

ಆಗಸ್ಟ್ 7

ವಸಂತ್ ವಾಯ್ಸ್ ಕಳಿಸಿದ್ದಾನೆ. “ಏನವ್ವಾ ಪುಟ್ಟಿ, ನಮ್ ಡಾಕ್ಟ್ರಮ್ಮ ಜೇಬು ಕತ್ರಿಸಕ್ಕೆ ಹೊಂಟವ್ಳೆ? ಗಾರ್ಡ್ ಅಂತ ಬಡ್ಕೊಂಡಿದ್ನಲ್ಲ. ಆಗ್ಲಿ, ಭಾನುವಾರ ನೋಡಾನ. ಸರಿಬರ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕಬ್ಯಾಡ. ಸ್ವಾಮಿ ತಂಗಿ ಬೀರಮ್ಮನೂ ಹೀಲರೇ ಕಣ, ಅವ್ಳನ್ನ ಕರಿತೀನಿ.”

ಸ್ವಾಮಿಗೆ ತಂಗಿ ಇದ್ದಾಳೆ. ತಂಗಿಯೂ ಹೀಲರ್.

ಈಗ ಎಲ್ಲ ತಾಳೆಯಾಯಿತು. ನನ್ನನ್ನು ಕೆಡಿಸಿದರೆ ಜಾಗ ಖಾಲಿ. ‘ಊಟ ಆಯ್ತಾ, ಸೊಪ್ಪು ಎಷ್ಟಾಯ್ತು’ ಎಂದು ದಿನಾ ಕೇಳುತ್ತಿದ್ದದ್ದು ಇದಕ್ಕೇ ಇರಬೇಕು. ನಾನು ಯಾವಾಗ ಫೋನ್ ಹತ್ತಿರ ಇರುವುದಿಲ್ಲ ಎಂದು ತಿಳಿದುಕೊಳ್ಳಲು.

ಪಾಸ್‌ವರ್ಡ್ ಬದಲಾಯಿಸಿದೆ. ಹೇಳಲಿಲ್ಲ.

ಆಗಸ್ಟ್ 10, ಭಾನುವಾರ, ಸಂಜೆ

ಕೋಟೆ ಸಿಗಲಿಲ್ಲ.

ಎಲ್ಲರಿಗೂ ವಾಸಿ ಮಾಡಿದೆ. ಸ್ವಾಮಿಗೆ ಮಾತ್ರ ಮಾಡಲಿಲ್ಲ. ಕೋಟೆಯ ಸೇತುವೆ ಮೇಲೆ ಅವರ ಮಂತ್ರವಾದಿ ಬಿದ್ದ. “ಬೇವಿನೆಲೆಯವ್ರೇ, ಈ ಕಡೆ ಒಸಿ...” ಎಂದರು. ಪಕ್ಕದಲ್ಲೇ ಇದ್ದೆ. ಒತ್ತಲಿಲ್ಲ. ಎದ್ದು ಬಂದರು, ಮತ್ತೆ ಬಿದ್ದರು. ಮತ್ತೆ ನೋಡುತ್ತಾ ನಿಂತೆ.

ಒಂದು ವಿಷಯ ಇಲ್ಲಿ ಮಾತ್ರ ಬರೆಯುತ್ತೇನೆ. ಶತ್ರುಗಳ್ಯಾರಿಗೂ ನಾನು ಕಾಣಲಿಲ್ಲ. ಕಳ್ಳ ಸೇರಿದ್ದರಿಂದ ನೆರಳಲ್ಲಿ ನಡೆಯಬಹುದು. ಗುಂಪಿನ ನಡುವೆ ಹೋಗಿ ವಾಸಿ ಮಾಡಿ ಬಂದೆ, ಒಂದು ಏಟೂ ಬೀಳಲಿಲ್ಲ. ಚೆನ್ನಾಗಿತ್ತು. ಚೆನ್ನಾಗಿತ್ತು ಎಂಬುದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮುಗಿದ ಮೇಲೆ ವಸಂತ್ ಬೈದ. “ಸ್ವಾಮಿ ಬಿದ್ ಬಿದ್ ಸಾಯ್ತಿದ್ರೆ ಎಲ್ಲಮ್ಮಾ ಹೋಗಿದ್ದೆ, ಕಳ್ಳಿ?”

ನಾನು ಏನೂ ಒತ್ತುವ ಮೊದಲೇ ಸ್ವಾಮಿ ಮಾತಾಡಿದರು. “ಸುಮ್ಕಿರಲಾ ವಸಂತಾ. ಅವ್ರಿಗೆ ನೆಟ್‌ವರ್ಕ್ ಕೈಕೊಟ್ಟಿರ್ಬೇಕು. ಅವ್ರೂರು ಅಂಪಾಪುರದ ಕಡೆ ಅಂಗೇಯ.”

ಇಷ್ಟು ಒಳ್ಳೆಯತನ ಯಾಕೆ? ತಪ್ಪು ಮಾಡದವರು ಇಷ್ಟು ತಗ್ಗುತ್ತಾರಾ?

ಆಗಸ್ಟ್ 16

ಬ್ಯಾರನ್ ತುಂಬಿಸಿದ್ದಾಯಿತು. ಬರೆಯಲು ಕೈ ಇರಲಿಲ್ಲ. ಗೇಮ್ ತೆಗೆಯಲು ಮನಸ್ಸೂ ಇರಲಿಲ್ಲ. ಸ್ವಾಮಿಯ ಮುಯ್ಯಿಯನ್ನೂ ತೀರಿಸಲಿಲ್ಲ. ಬೇಕೆಂದೇ ಬಿಟ್ಟೆ.

ಮಧ್ಯಾಹ್ನ ವಸಂತ್ ವಾಯ್ಸ್. “ಬೀರಮ್ಮನ್ನ ಕರೆದ್ನಪ್ಪಾ. ಅವ್ರಣ್ಣನೇ ಅಡ್ಡ ಆಕ್ದ. ಪುಟ್ಟಿ ಜಾಗಕ್ಕೆ ನನ್ ತಂಗಿ ಬರಾಕಿಲ್ಲ, ಅವ್ಳನ್ ತೆಗುದ್ರೆ ನಾನೂ ಹೊಂಟೆ ಅಂತಾನೆ. ಏನ್ ಮದ್ದಾಕಿದ್ದೀಯವ್ವಾ ಅವ್ನಿಗೆ?”

ಅದರ ಹಿಂದೆಯೇ ಸ್ವಾಮಿಯದು. ಕೇಳಿದ್ದು ಕೇಳಿದ ಹಾಗೆ ಬರೆಯುತ್ತಿದ್ದೇನೆ.

“ಪುಟ್ಟಿಯವ್ರೇ, ಪಾಸ್‌ವರ್ಡ್ ಬದಲಾಯ್ಸಿದಂಗಿದೆ. ಇರ್ಲಿ ಬುಡಿ, ನಿಮ್ದು ನಿಮ್ಮಿಷ್ಟ. ನಂದೇನಾದ್ರೂ ತಪ್ಪಾಯ್ತೇನೋ ಅಂತ ಒಂದು ಯೋಚ್ನೆ. ಅವತ್ತು ನಿಮ್ ಬೇವಿನೆಲೆ ತೆಗುದ್ರೆ ಕಳ್ಳನ ಮೇಲೆ ಗುರ್ತು ಆಕಿ ಅರ್ಧಕ್ಕೆ ಬುಟ್ಟಿದ್ರಿ. ಸೊಪ್ಪಿನ್ ಕೆಲ್ಸಕ್ಕೆ ಎದ್ದೋಗಿರ್ತಾರೆ ಅಂತ ನಾನೇ ಓಕೆ ಕೊಟ್ಟು ಮುಗ್ಸಿದೆ. ಮುಯ್ಯಿಗ್ ಬಂದೋನು ಅರ್ಧ ಕಡ್ಡಿ ಬುಟ್ಟೇಳಬಾರ್ದಲ್ವರಾ? ನಮ್ಮವ್ವನೂ ನಿಮ್ ಕಡೆ ಬಂದು ಸೊಪ್ಪು ಕಟ್ಟಿದೋಳೇಯ. ಸರಿಯಾಯ್ತು ತಾನೆ?”

ಸರಿಯಾಯ್ತು ತಾನೆ, ಎಂದು ಕೇಳುತ್ತಾರೆ.

ಅತ್ತಿಗೆ ಬಿದ್ದು ಬಿದ್ದು ನಕ್ಕಳು. “ನಿನ್ ಕಡ್ಡಿ ನೀನೇ ಅರ್ಧ ಬುಟ್ಟು, ಕಟ್ಟಿದೋರ ಮ್ಯಾಲೆ ಗುಮಾನಿ ಪಡ್ತೀಯಲ್ಲೇ.”

ನನಗೆ ನಗು ಬರಲಿಲ್ಲ. ಅವರು ಸೇತುವೆ ಮೇಲೆ ಬಿದ್ದದ್ದು ಕಣ್ಣ ಮುಂದೆ ಬಂತು. ಆದರೂ ಒಳಗೆ ಒಂದು ಎಳೆ ಉಳಿದಿದೆ — ಸಿಕ್ಕಿಬಿದ್ದ ಮೇಲೆ ಹೆಣೆದ ಕಥೆಯಾಗಿದ್ದರೆ? ಅಷ್ಟು ದಿನ ಅನುಮಾನಪಟ್ಟ ಮನಸ್ಸು, ಒಂದು ವಾಯ್ಸಿಗೆ ಬಿಡುವುದಿಲ್ಲ.

ಆಗಸ್ಟ್ 18, ಬೆಳಿಗ್ಗೆ

ಇವತ್ತು ಸ್ವಾಮಿ ಕಾಡಿಗೆ ಹೋಗುವ ದಿನ. ಮುಯ್ಯಿ ನನ್ನದು. ಕಾಫಿ ಕುಡಿದು ಫೋನ್ ಹಿಡಿದೆ. ಅವರ ಪಾಸ್‌ವರ್ಡ್ ಒತ್ತುವಾಗ ಖಂಡಿತ ಬದಲಾಯಿಸಿರುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಬದಲಾಯಿಸುತ್ತಿದ್ದೆ. ನಾನು ಬದಲಾಯಿಸಿಯೇ ಇದ್ದೆನಲ್ಲ.

ತೆರೆಯಿತು. ಹಳೆಯ ಪಾಸ್‌ವರ್ಡೇ.

ಮಂತ್ರವಾದಿಗೂ ಎರಡನೇ ಕ್ಲಾಸಿನ ಪುಟ ಬಂದಿದೆ. ಗಾರ್ಡ್ ಮೇಲೆ ಗುರುತು. ಓಕೆ ಒತ್ತಿಲ್ಲ. ಅರ್ಧ.

ನಾನು ಆಗಬೇಕಿದ್ದ ಗಾರ್ಡ್. ಮಂತ್ರವಾದಿಗೆ ಗಾರ್ಡ್ ಯಾರೂ ಸೇರಿಸುವುದಿಲ್ಲ. ಸೇರಿಸಿದರೆ ಮಂತ್ರದ ಬಲ ಅರ್ಧ ಹೋಗುತ್ತದೆ. ನನಗೆ ಅಡ್ಡ ನಿಲ್ಲುವುದಕ್ಕೋ? ಸುಮ್ಮನೆ ನೋಡಿ ಬಿಟ್ಟದ್ದೋ? ಇಲ್ಲ, ನಾನು ಏನು ಮಾಡುತ್ತೇನೆ ಎಂದು ನೋಡಲು ಇಟ್ಟದ್ದೋ...

ಅತ್ತಿಗೆ ಇಣುಕಿದಳು. “ಅರ್ಧ ಕಡ್ಡಿ ಕಣೆ. ಮುಗ್ಸು ಮತ್ತೆ.”

ಬೆರಳು ಓಕೆ ಹತ್ತಿರ ಹೋಯಿತು. ತೆಗೆದೆ. ಕಾಡಿಗೆ ಇಳಿದರೆ ಅವರಿಗೆ ಸಿಗ್ನಲ್ ಇರುವುದಿಲ್ಲ. ಇನ್ನೂ ಇಳಿದಿರಲಿಕ್ಕಿಲ್ಲ.

ಅತ್ತಿಗೆಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಸ್ವಾಮಿಯ ನಂಬರ್ ಒತ್ತಿದೆ. ರಿಂಗ್ ಆಯಿತು. ಎತ್ತದಿದ್ದರೆ ಸಾಕು ಎಂದುಕೊಂಡೆ. ಎತ್ತಿದರು.

“ಹಲೋ, ಯಾರು?”

“ನಾನು... ಪುಟ್ಟಿ. ಒಂದ್ ಮಾತ್ ಕೇಳ್ಬೇಕಿತ್ತು,” ಎಂದೆ.