ಎದ್ದು ಹೋದವನಿಗೆ

ಚನ್ನಪಟ್ಟಣ
10 ನವೆಂಬರ್ 2025, ಸೋಮವಾರ

ಮಗ ಶಿವರಾಜುವಿಗೆ, ಎಲ್ಲಿದ್ದರೂ ತಣ್ಣಗಿರು ಎಂದು ಹರಸಿ ಅವ್ವ ಬರೆಯುವುದು.

ಮೈ ಹೇಗಿದೆ? ಬೆಳಗ್ಗೆ ಎದ್ದಾಗ ಕೈ ನಡುಗುವುದು ನಿಂತಿತೇ? ಅನ್ನ ಸೇರುತ್ತಿದೆಯೇ? ನನ್ನ ಮಂಡಿ ಹಿಡಿದುಕೊಂಡಿದೆ, ಗಂಟಲಿಗೆ ಏನೂ ಆಗಿಲ್ಲ. ಹಳ್ಳಿ ಹಳ್ಳಿಯ ನಾಟಕಗಳಲ್ಲಿ ಪಟ್ಟದ ರಾಣಿಯಾಗಿ ಮೆರೆದವಳ ಗಂಟಲು ಇದು! ಉಯ್ಯಂಬಳ್ಳಿಯಲ್ಲಿ ಕರೆಂಟು ಹೋಗಿ ಮೈಕು ಸತ್ತಾಗಲೂ ಕಟ್ಟಕಡೆಯ ಚಾಪೆಯವರೆಗೆ ಮುಟ್ಟಿತ್ತು. ನಿನ್ನ ಕಿವಿಗೆ ಮಾತ್ರ ಮುಟ್ಟಲಿಲ್ಲ. ಸ್ಕೂಲ್ ವ್ಯಾನಿನ ಕೀಲಿಯನ್ನು ಮಾಲೀಕರು ನಿನ್ನ ಕೈಯಿಂದ ಕಿತ್ತುಕೊಂಡ ದಿನ ಕೂಗಿದೆ. ನನ್ನ ರಾಣಿ ವೇಷದ ಗಿಲೀಟಿನ ಸೊಂಟದ ಡಾಬನ್ನು ನೀನು ಚಿನ್ನವೆಂದು ಅಡ ಇಡಲು ಹೋಗಿ, ಅಂಗಡಿಯವನು ಬಿದ್ದು ಬಿದ್ದು ನಕ್ಕು ಕಳಿಸಿದಾಗಲೂ ಕೂಗಿದೆ. ಆ ಡಾಬನ್ನಾದರೂ ಮನೆಗೆ ತಂದೆಯಾ? ಅದನ್ನೂ ಬಾರಿನ ಟೇಬಲ್ಲಿನ ಮೇಲೆ ಬಿಟ್ಟು ಬಂದೆ.

ಗೌರಿ ಹಬ್ಬದ ಮಾರನೆಯ ದಿನ ಮನೆ ಬಿಟ್ಟವನು ಒಂದೇ ಒಂದು ಸಲ ಫೋನ್ ಮಾಡಿದೆ. "ರಾಮನಗರದಲ್ಲಿ ಕುಡಿತ ಬಿಡೋರ ಮೀಟಿಂಗ್ ಐತೆ ಕಣವ್ವ, ಹೋಯ್ತಾ ಇವ್ನಿ. ಸರಿಯಾದ್ಮೇಲೆ ಮನೆಗೆ ಬತ್ತೀನಿ" ಅಂದೆ. ಅಲ್ಲಿಂದಾಚೆಗೆ ಫೋನು ಮೂಕ. ನಿಜವೋ ಸುಳ್ಳೋ? ನೀನು ನನಗೆ ಹೇಳಿದ ಸುಳ್ಳುಗಳನ್ನು ಪೋಣಿಸಿದರೆ ಸ್ಟೇಜಿನ ಈ ಕಂಬದಿಂದ ಆ ಕಂಬಕ್ಕೆ ತೋರಣ ಕಟ್ಟಬಹುದು. ಕಣ್ಣಾರೆ ನೋಡಿಯೇ ಬಿಡೋಣವೆಂದು ನಿನ್ನೆ ಭಾನುವಾರ ಬಸ್ಸು ಹತ್ತಿದೆ.

ರಾಮನಗರದಲ್ಲಿ ಇಳಿದು, ಮೀಟಿಂಗ್ ಎಲ್ಲಿ ನಡೆಯುತ್ತದಪ್ಪಾ ಎಂದು ಆಟೋದವನನ್ನು ಕೇಳಿದರೆ "ಯಾವ ಪಾರ್ಟಿದಕ್ಕಾ? ಊಟ ಐತಾ?" ಅಂದ. ಹೂವಿನಾಕೆ "ಸಂಘದ ಸಾಲದ್ದಾ? ಅದು ಮಂಗಳವಾರ" ಅಂದಳು. ಕುಡಿತ ಬಿಡುವವರದ್ದು ತಾಯೀ ಎಂದು ಬಿಡಿಸಿ ಹೇಳಿದೆ. ಪಕ್ಕದಲ್ಲಿ ಟೀ ಹೀರುತ್ತಿದ್ದವನೊಬ್ಬ "ಕುಡಿಯೋ ಜಾಗ ಬೇಕಾದ್ರೆ ಕಣ್ ಮುಚ್ಕಂಡು ತೋರುಸ್ತೀನಿ, ಬಿಡೋ ಜಾಗ ನಾ ಕಾಣೆ ಕಣಕ್ಕ" ಎಂದು ಹಲ್ಲು ಕಿರಿದ. ಎಲ್ಲರೂ ನಕ್ಕರು. ನಾನು ನಡುರಸ್ತೆಯಲ್ಲಿ ಕುಡುಕನ ತಾಯಿಯ ಪಾತ್ರದಲ್ಲಿ ನಿಂತಿದ್ದೆ. ಕೊನೆಗೆ ಔಷಧಿ ಅಂಗಡಿಯಾಕೆ ಹೊರಗೆ ಬಂದು ದಾರಿ ತೋರಿಸಿದರು.

ಅದೊಂದು ಶಾಲೆ. ಬಾಗಿಲಲ್ಲಿ ಗಿರಿಜಾ ಮೀಸೆಯ ಯಜಮಾನರೊಬ್ಬರಿದ್ದರು. ನನ್ನ ಮಗ ಶಿವರಾಜು ಇಲ್ಲಿಗೆ ಬರುತ್ತಾನಾ ಎಂದು ಕೇಳುತ್ತಲೇ ಒಳಗೆ ಇಣುಕಲು ಹೋದೆ. ಅವರು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. "ಯಾರು ಬತ್ತಾರೆ, ಯಾರು ಬರಾಕಿಲ್ಲ ಅಂತ ಹೊರಗೆ ಹೇಳಂಗಿಲ್ಲ ಕಣವ್ವ. ಹೇಳುದ್ರೆ ನಾಳೆಯಿಂದ ಯಾರೂ ಬರಾಕಿಲ್ಲ." ಹೆತ್ತವಳಿಗೂ ಹೇಳುವುದಿಲ್ಲವೇ ಅಂದೆ. ಇಲ್ಲ ಅಂದರು. ರಾಜನ ದ್ವಾರಪಾಲಕನೂ ಇಷ್ಟು ಕಲ್ಲಾಗಿರುವುದಿಲ್ಲ! ಕುಡಿಯುವವರ ಮನೆಯವರ ಮೀಟಿಂಗು ಪಕ್ಕದ ರೂಮಿನಲ್ಲಿ ನಡೆಯುತ್ತದೆ, ಅಲ್ಲಿ ಕೂರಿ ಎಂದು ಕಳಿಸಿದರು.

ಅಲ್ಲಿ ಏಳೆಂಟು ಹೆಂಗಸರು ಮಕ್ಕಳ ಪುಟ್ಟ ಬೆಂಚುಗಳಲ್ಲಿ ಮುದುರಿ ಕೂತಿದ್ದರು. ನಡೆಸುವಾಕೆ ಬುರ್ಖಾ ಹಾಕಿದ ಹೆಣ್ಣುಮಗಳು. ಹೆಸರು ಬರೆಯುವುದಿಲ್ಲ, ಈಗ ಕಟ್ಟಳೆ ನನಗೂ ಗೊತ್ತು. ನನ್ನ ಸರದಿ ಬಂತು. ಎದ್ದು ನಿಂತೆ. ನಾನು ಎದ್ದು ನಿಂತರೆ ಏನಾಗುತ್ತದೆಂದು ನಿನಗೆ ಗೊತ್ತಲ್ಲ. ವ್ಯಾನು, ಡಾಬು, ನೀನು ಬಿದ್ದಿದ್ದ ಮೋರಿ, ನಿನ್ನನ್ನು ಎತ್ತಿ ತಂದು ಎಳೆಗೂಸಿಗೆ ತೊಳೆದ ಹಾಗೆ ತೊಳೆದದ್ದು, ಒಂದನ್ನೂ ಬಿಡಲಿಲ್ಲ. ನಿನ್ನ ಹೆಸರು ಹಿಡಿದೇ ಹೇಳಿದೆ. "ಅಮ್ಮಾ, ಅವರದ್ದು ಸಾಕು, ನಿಮ್ಮದು ಹೇಳಿ" ಎಂದು ಆಕೆ ಮತ್ತೆ ಮತ್ತೆ ಅಂದಳು. ನನ್ನದು ಅಂತ ಬೇರೆ ಏನು ಉಳಿಸಿದ್ದೀಯ ನೀನು? "ಅವನು ಸತ್ತ ಅಂತ ಸುದ್ದಿ ಬಂದ್ರೂ ಸೈ, ನಾನು ಒಸಿ ಕಣ್ ಮುಚ್ತೀನಿ" ಎಂದು ಗುಡುಗಿ ಮುಗಿಸಿದೆ. ಪಕ್ಕದಾಕೆ ಕೈ ಹಿಡಿದು ಕೂರಿಸಿದಳು.

ಹೊರಗೆ ಬಂದಾಗ ಮೀಸೆಯ ಯಜಮಾನರು ಕಾಯುತ್ತಿದ್ದರು. "ಎರಡು ರೂಮಿಗೂ ಮಧ್ಯೆ ಇರಾದು ಬರೀ ಪ್ಲೈವುಡ್ಡು ಕಣವ್ವ. ನೀವು ಅಂದಿದ್ದೆಲ್ಲಾ ನಮಗೂ ಕೇಳುಸ್ತು. ನೀವು ಮಾತಾಡ್ತಿದ್ದಂಗೇ ಒಬ್ರು ಎದ್ದೋದ್ರು" ಅಂದರು. ಯಾರು? ಎಷ್ಟೆತ್ತರ, ಎಡಗಾಲು ಎಳೆಯುತ್ತಾನಾ, ಏನು ಅಂಗಿ ಹಾಕಿದ್ದ ಎಂದೆಲ್ಲ ಕೇಳಿದೆ. ಸೆರಗೊಡ್ಡಿದೆ. ಬಾಯಿ ಬಿಡಲಿಲ್ಲ ಮಹಾರಾಯ. "ಏನಾದ್ರೂ ಬರ್ಕೊಡಿ, ಆ ಎದ್ದೋದೋರ ಕೈಗೆ ಮುಟ್ಟುಸ್ತೀನಿ. ಯಾರು ಅಂತ ಮಾತ್ರ ಕೇಳ್ಬ್ಯಾಡಿ" ಅಂದರು. ಅದಕ್ಕೇ ಈ ಕಾಗದ.

ನಿನ್ನನ್ನು ಕ್ಷಮಿಸಿಬಿಟ್ಟೆ ಎಂದುಕೊಳ್ಳಬೇಡ. ಅಂದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನೀನು ಗೋಡೆಯಾಚೆ ಕೂತಿರಬಹುದು ಎಂದು ಮಾತ್ರ ನಾನು ನಂಬಿರಲಿಲ್ಲ, ನೋಡು. ಈಗ ನಂಬೋಣವೆಂದರೆ, ನೀನು ಅಲ್ಲಿಂದಲೂ ಎದ್ದು ಹೋದೆ ಎಂದು ನಂಬಬೇಕು.

ಕೆಂಗಲ್ ಆಂಜನೇಯ ನಿನ್ನ ಕಾಲಿಗಾದರೂ ಬುದ್ಧಿ ಕೊಡಲಿ. ತಲೆಗೆ ಕೊಟ್ಟೂ ಕೊಟ್ಟೂ ಅವನಿಗೂ ಸಾಕಾಗಿರಬೇಕು.

ನಿನ್ನ ಅವ್ವ,
ದಾಸಮ್ಮ

ಇನ್ನೊಂದು ಮಾತು: ರಾಮನಗರಕ್ಕೆ ಇನ್ನು ನಾನು ಬರುವುದಿಲ್ಲ. ಕನಕಪುರದಲ್ಲೂ ಮನೆಯವರ ಮೀಟಿಂಗು ಇದೆಯಂತೆ, ಅಲ್ಲಿಗೆ ಹೋಗುತ್ತೇನೆ. ಭಾನುವಾರದ ಆ ರೂಮು ನಿನಗೇ ಇರಲಿ, ಹೋಗಿ ಕೂತುಕೋ. ಇದನ್ನು ಓದುತ್ತಿರುವುದು ನನ್ನ ಶಿವರಾಜು ಅಲ್ಲದೆ ಬೇರೆ ಯಾರಾದರೂ ಆಗಿದ್ದರೆ, ಅಪ್ಪಾ, ನಿಮ್ಮ ತಾಯಿ ಇದ್ದಾರೋ ಇಲ್ಲವೋ ಕಾಣೆ. ನಾನು ಬೈದದ್ದು ನಿಮ್ಮನ್ನಲ್ಲ. ನೀವೂ ಹೋಗಿ ಕೂತುಕೊಳ್ಳಿ.