ಜೀಲೇ ಸಿಂಗನಿಗೆ ಕೊಟ್ಟ ಬೀಜ

೧೯ ಜನವರಿ ೧೯೯೪, ಬುಧವಾರ

ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

ಸಂಜೆ ಪಕ್ಕದ ಹೊಲದ ಜೀಲೇ ಸಿಂಗ್ ಒಂದು ಕಂತೆ ಮಂಡೂಸಿ ಕಿತ್ತು ತಂದು ಕಳೆ ಕೊಲ್ಲುವ ಔಷಧಿ ಮಾರುವ ಲಾಲಾ ಬನಾರಸಿದಾಸನ ಗಲ್ಲಾಪೆಟ್ಟಿಗೆಯ ಮೇಲೆ ಎಸೆದ. ಗೋಧಿಯಂತೆಯೇ ಕಾಣುವ ಕಳೆ; ಬುಡದ ಕೆಂಪಿನಿಂದಷ್ಟೇ ಗುರುತು ಸಿಗುತ್ತದೆ.

"ನೋಡು ಲಾಲಾ, ನಿನ್ನ ಔಷಧಿ ಕುಡಿದು ಹೆಂಗೆ ಕೊಬ್ಬಿದೆ! ವಿಷಕ್ಕೂ ಕಲಬೆರಕೆ ಮಾಡ್ತೀಯಾ?"

"ಗಂಗಾಮಾಯಿ ಆಣೆ ಚೌಧರಿ, ಸೀಲು ಒಡೆಯದ ಪೊಟ್ಟಣ ಕೊಟ್ಟಿದ್ದೆ. ಮಾಸ್ಟರ್‌ಜಿ, ನೀವಾದ್ರೂ ಹೇಳಿ!"

ಸೇರಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಕನ್ನಡಕ ಒರೆಸಿಕೊಂಡೆ.

ಔಷಧಿ ಅಸಲಿ ಎಂದು ನನಗೆ ಗೊತ್ತು. ಹೋದ ವರ್ಷ ಕರ್ನಾಲ್ ಪೇಟೆಯಿಂದ ಅದನ್ನೇ ತಂದು, ಪೂರ್ತಿ ಪ್ರಮಾಣದಲ್ಲಿ ಎರಡು ಸಲ ಸಿಂಪಡಿಸಿದರೂ ನನ್ನ ಹೊಲದ ಮಂಡೂಸಿ ಸಾಯಲಿಲ್ಲ. ಅದಕ್ಕೂ ಮುಂಚೆ ಆರು ವರ್ಷ, ಸಿಂಪಡಿಸುವ ಪಂಪು ಹೊರಲು ಸೋಮಾರಿತನವಾಗಿ, ಅರ್ಧ ಪೊಟ್ಟಣವನ್ನು ಮರಳಿಗೆ ಬೆರೆಸಿ ಕೈಯಲ್ಲೇ ಎರಚಿದ್ದೆ. ಮೆತ್ತಗಿನವು ಸತ್ತವು, ಗಟ್ಟಿಯವು ಉಳಿದು ಬೀಜ ಉದುರಿಸಿದವು. ಆ ಬೀಜ ಬೆರೆತ ನನ್ನ ಹೊಲದ ಗೋಧಿಯನ್ನೇ ಜರಡಿ ಹಿಡಿಯದೆ ಒಂದು ಚೀಲ ಜೀಲೇ ಸಿಂಗನಿಗೆ ಈ ಸಲದ ಬಿತ್ತನೆಗೆ ಕೊಟ್ಟೆ.

ನಾಳೆಯಿಂದ ಲಾಲಾನ ಅಂಗಡಿಗೆ ಯಾರೂ ಹೋಗಬಾರದೆಂದು ಅಲ್ಲೇ ತೀರ್ಮಾನವಾಯಿತು. ಲಾಲಾ ನನ್ನನ್ನೇ ನೋಡುತ್ತಿದ್ದ.

ಮನೆಗೆ ಬರುವಾಗ ಜೀಲೇ ಸಿಂಗ್ ಹೆಗಲ ಮೇಲೆ ಕೈ ಹಾಕಿದ. "ಮುಂದಿನ ವರ್ಷಾನೂ ಬೀಜ ನಿಮ್ಮದೇ ಬೇಕು ಮಾಸ್ಟರ್‌ಜಿ. ಊರಲ್ಲಿ ಕಲಬೆರಕೆ ಇಲ್ಲದ್ದು ಅಂದ್ರೆ ಅದೊಂದೇ."

ನಾನು "ಆಗಲಿ" ಅಂದೆ.