ನೀಲಿ ಬಟ್ಟೆಯ ಡೇರೆ

ಮಂಗಳವಾರ, ಸಂಜೆ
ವಾರ್ಡಿನ ಹೊರಗಿನ ಬೆಂಚು

ಅಮ್ಮಾ,

ನೀನು ಗೋಡೆಯ ಕಡೆ ತಿರುಗಿ ಮಲಗಿದ್ದೀಯ, ನಾನು ಬಾಗಿಲಿನ ಈಚೆ ಕೂತಿದ್ದೇನೆ. ಬೀದಿಯಲ್ಲಿ ನಿಂತು ಕರಪತ್ರ ಹಂಚುವಾಗ ಪೊಲೀಸರಿಗೂ ಹೆದರದವಳು ನಿನ್ನ ಮುಖ ನೋಡಲು ಹೆದರುತ್ತಿದ್ದೇನೆ ಎಂದರೆ ಅಣ್ಣ ನಗುತ್ತಾನೆ. ನಗಲಿ. ನಾಳೆ ಬೆಳಿಗ್ಗೆ ಡಾಕ್ಟರಮ್ಮ ಬಂದು ನಿನ್ನ ಕಾಯಿಲೆಗೆ ಬೇರೆ ಹೆಸರು ಹೇಳುತ್ತಾರೆ. ಅವರಿಂದ ಕೇಳುವ ಮೊದಲು ನನ್ನಿಂದ ಕೇಳು. ಆ ದಿನಗಳ ಸಂಗತಿಯನ್ನು ನಾನು ಹೇಳಿಬಿಟ್ಟೆ.

ಹೇಳಬೇಡ ಎಂದಿದ್ದೆ ನೀನು. ಹೋದ ವರ್ಷ ಮೊದಲ ಸಲ ಇಲ್ಲಿಗೆ ಬರುವಾಗ, ಅಣ್ಣ ಓಡಿಸುವ ಬಸ್ಸಿನ ಹಿಂದಿನ ಸೀಟಿನಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದ್ದೆ: "ಹಾಸಿಗೆ ಬಿಟ್ಟು ಏಳದೇ ಇದ್ದ ದಿನಗಳನ್ನ ಎಷ್ಟು ಬೇಕಾದ್ರೂ ಹೇಳ್ಕೋ. ಚೆನ್ನಾಗಿದ್ದ ದಿನಗಳನ್ನ ಮಾತ್ರ ಅವರ ಕೈಗೆ ಕೊಡಬೇಡ ಕಣೇ. ಅವು ನನ್ನವು."

ಒಪ್ಪಿಕೊಳ್ಳಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ನಾನು ಓದಿದ ಕಿರುಹೊತ್ತಗೆಗಳೆಲ್ಲ ಅದನ್ನೇ ಕೂಗಿ ಹೇಳುತ್ತಿದ್ದವು. ಯಾರು ಸರಿ, ಯಾರಿಗೆ ತಲೆ ಕೆಟ್ಟಿದೆ ಎಂದು ಅಳೆಯುವ ಕೋಲು ಯಾರ ಕೈಯಲ್ಲಿದೆ? ಅದನ್ನು ಅವರಿಗೆ ಕೊಟ್ಟವರು ಯಾರು? ಡಾಕ್ಟರಮ್ಮ ಅಂದು ನನ್ನನ್ನೇ ನೋಡಿ ಕೇಳಿದ್ದರು, ಅಮ್ಮ ತೀರಾ ಹುರುಪಿನಲ್ಲಿದ್ದ ದಿನಗಳೇನಾದರೂ ಇದ್ದವಾ ಎಂದು. ಇಲ್ಲ ಎಂದೆ. ದೊಡ್ಡ ಯುದ್ಧ ಗೆದ್ದವಳ ಹಾಗೆ ನಿನ್ನ ಕಡೆ ನೋಡಿದೆ. ನೀನು ಕಣ್ಣಲ್ಲೇ ಶಹಬ್ಬಾಸ್ ಎಂದೆ. ಖಿನ್ನತೆ ಎಂದು ಬರೆದು, ಅದಕ್ಕೆ ಮಾತ್ರೆ ಕೊಟ್ಟು ಕಳಿಸಿದರು.

ಆ ದಿನಗಳು ನಮ್ಮ ಪಾಲಿಗೆ ಏನಾಗಿದ್ದವು ಎಂದು ಡಾಕ್ಟರಮ್ಮನಿಗೆ ಹೇಗೆ ಅರ್ಥ ಮಾಡಿಸಲಿ? ಹೊಲಿಗೆ ಮಿಷಿನ್ ನಿಲ್ಲುತ್ತಲೇ ಇರಲಿಲ್ಲ. ಕೇಳದವರ ಮನೆಗೂ ನುಗ್ಗಿ ಕಿಟಕಿಯ ಅಳತೆ ತೆಗೆದು, ನೀನು ಇಡೀ ಬೀದಿಗೆ ಪರದೆ ಹೊಲಿದುಕೊಟ್ಟೆ. ನಿದ್ದೆ ಯಾಕಮ್ಮ ಎಂದು ನಗುತ್ತಿದ್ದೆ. ನಿನ್ನ ಮಾತಿನ ಓಟಕ್ಕೆ ನಾವು ಕಿವಿ ಕೊಡಲಾಗದೆ ಸುಮ್ಮನೆ ನಗುತ್ತಿದ್ದೆವು. ಹಾಸಿಗೆಯಲ್ಲಿ ಮುಸುಕೆಳೆದು ಮಲಗಿದವಳು ಯಾರೋ ಬೇಡದ ಅತಿಥಿ, ಈ ನಗುವವಳೇ ನಮ್ಮಮ್ಮ ಎಂದುಕೊಂಡು ಬೆಳೆದವಳು ನಾನು. ಹೊಲಿಯಲು ಕೊಟ್ಟವರು ಬಟ್ಟೆ ಹಾಳಾಯಿತೆಂದು ಬಂದು ಕೂಗಾಡುತ್ತಿದ್ದುದನ್ನೂ, ಅಣ್ಣ ಬಾಗಿಲಲ್ಲಿ ನಿಂತು ಅವರ ಕೈಕಾಲು ಹಿಡಿಯುತ್ತಿದ್ದುದನ್ನೂ ನೋಡಿಯೂ ನೋಡದ ಹಾಗೆ ಇದ್ದೆ.

ಆದ್ದರಿಂದಲೇ ಹೋದ ತಿಂಗಳ ಕೊನೆಗೆ ನೀನು ಎದ್ದು ಕೂತು ಹಾಡತೊಡಗಿದಾಗ ನಾನು ಕುಣಿದಾಡಿದೆ. ಅಮ್ಮ ವಾಪಸ್ ಬಂದಳು ಕಣೋ ಎಂದೆ. ಅಣ್ಣ ಬೂಟು ಕಟ್ಟುತ್ತಾ ತಲೆಯೆತ್ತದೆ, "ಸ್ವಲ್ಪ ಜಾಸ್ತಿನೇ ಬಂದಿದ್ದಾಳೆ ಅನ್ಸುತ್ತೆ. ಡಾಕ್ಟರಿಗೆ ಹೇಳೋಣ" ಎಂದ. "ನಿನಗೆ ಖುಷಿಯಾಗಿರೋರನ್ನ ಕಂಡ್ರೆ ಆಗಲ್ಲ" ಎಂದು ಹಾರಾಡಿದೆ. ಅದೇ ವಾರ ನೀನು ಹೊಲಿಯಲು ಬಂದಿದ್ದ ಶಾಲೆಯ ಸಮವಸ್ತ್ರದ ಬಟ್ಟೆಯನ್ನೆಲ್ಲ ಕತ್ತರಿಸಿ ಬಾವುಟ ಮಾಡಿಕೊಂಡು, ಮಗನ ಬಸ್ಸನ್ನು ಸಿಂಗರಿಸಬೇಕೆಂದು ನಡುರಸ್ತೆಯಲ್ಲಿ ಕೈ ಅಗಲಿಸಿ ನಿಂತೆ. ಬ್ರೇಕ್ ತುಳಿದವನು ಅಣ್ಣನೇ. ಬಸ್ಸು ನಿನ್ನ ಸೆರಗಿಗೆ ತಗಲಿ ನಿಂತಿತು. ಅವನೇ ನಿನ್ನನ್ನು ಇಲ್ಲಿಗೆ ತಂದು ಸೇರಿಸಿದ.

ಇವತ್ತು ಮಧ್ಯಾಹ್ನ ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು. ನಾನು ಉರಿದುಬಿದ್ದೆ. "ಖುಷಿನೂ ನಿಮ್ಮ ಪಟ್ಟಿಯಲ್ಲಿ ರೋಗಾನಾ?"

"ಖುಷಿ ರೋಗ ಅಲ್ಲಮ್ಮ" ಎಂದರು. "ನಿದ್ದೆನೇ ಬೇಡ ಅನ್ಸೋದು, ಮಾತು ನಿಲ್ದೇ ಇರೋದು, ಇದು ದಿನಗಟ್ಟಲೆ ಎಳೆಯೋದು, ಬದುಕು ಕೆಡೋದು. ಇವೆಲ್ಲ ಜೊತೆಗೆ ಬಂದ್ರೆ ಮಾತ್ರ ಕೇಳ್ತೀವಿ."

"ರಕ್ತ ತಗೊಂಡ್ರಲ್ಲ, ಅದರಲ್ಲಿ ಗೊತ್ತಾಗಲ್ವಾ?"

"ಅದು ಬೇರೆ ಕಾಯಿಲೆ ಏನೂ ಇಲ್ಲ ಅಂತ ನೋಡೋಕೆ. ಇದು ರಕ್ತದಲ್ಲಿ ಕಾಣೋ ಹಾಗಿದ್ದಿದ್ರೆ ನಿನ್ನ ಬೈಗುಳ ಯಾಕೆ ಕೇಳ್ತಾ ಕೂತಿರ್ತಿದ್ದೆ? ನೀವು ಹೇಳಿದ್ದೇ ನಮಗೆ ದಾರಿ. ತಪ್ಪು ಹೇಳಿದ್ರೆ ತಪ್ಪು ಹೆಸರು, ತಪ್ಪು ಮದ್ದು."

ಕುಗ್ಗು, ಹುರುಪು ಎರಡು ತುದಿಗೂ ತೂಗಾಡುವವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ, ಕೆಲವರನ್ನು ಅದು ಎಬ್ಬಿಸುವ ಬದಲು ಎತ್ತಿ ಎಸೆಯುತ್ತದಂತೆ. ಕೋಲು ಯಾರ ಕೈಯಲ್ಲಿದೆ ಎಂದು ಊರೆಲ್ಲ ಕೇಳುತ್ತಾ ತಿರುಗಿದೆನಲ್ಲ ಅಮ್ಮ, ಅದರ ಒಂದು ತುದಿ ನನ್ನ ಕೈಯಲ್ಲೇ ಇತ್ತು.

ಅಣ್ಣ ಪಕ್ಕದಲ್ಲೇ ಕೂತಿದ್ದ. ಪರದೆಯಿಂದ ಶುರು ಮಾಡಿ ಎಲ್ಲ ಹೇಳಿದೆ. ನಾನು ಒಂದೊಂದೇ ಹೇಳುತ್ತಾ ಹೋದಂತೆ ನನ್ನ ಬಾಲ್ಯ ಡಾಕ್ಟರಮ್ಮನ ಮೇಜಿನ ಮೇಲೆ ರೋಗದ ಗುರುತುಗಳಾಗಿ ಬಿದ್ದಿತ್ತು. ಬೈಪೋಲಾರ್, ಅಂದರೆ ಎರಡು ತುದಿಯ ಕಾಯಿಲೆ, ಎಂದು ಬರೆದರು. ನನ್ನ ಪುಸ್ತಕಗಳ ಪ್ರಶ್ನೆ ಸುಳ್ಳು ಎಂದು ಈಗಲೂ ಹೇಳಲಾರೆ. ನಮ್ಮ ಹಾಡು ಎಲ್ಲಿ ಮುಗಿಯಿತು, ಕಾಯಿಲೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಅವರಿಗೂ ಕಷ್ಟವಾಯಿತು. ಆದರೆ ಆ ಪುಸ್ತಕಗಳಲ್ಲಿ ಬಸ್ಸಿನ ಬ್ರೇಕು ಕಿರುಚುವುದಿಲ್ಲ.

ನಿನಗೆ ಕೊಟ್ಟ ಮಾತು ಮುರಿದೆ. ಮೊದಲೇ ಮುರಿಯಬೇಕಿತ್ತು. ಬೈದರೆ ಬೈಯಿ, ಗೋಡೆಯ ಕಡೆಯಿಂದ ಈ ಕಡೆ ತಿರುಗಿ ಬೈಯಿ.

ನಿನ್ನ
ಕಿಡಿ

ಮರೆತ ಮಾತು: ಡೇರೆಯ ದಿನವೊಂದನ್ನು ಮಾತ್ರ ಕಡೆಯವರೆಗೂ ಬಚ್ಚಿಟ್ಟುಕೊಂಡಿದ್ದೆ. ನಮ್ಮಿಬ್ಬರನ್ನೂ ಶಾಲೆಗೆ ಕಳಿಸದೆ, ನೀಲಿ ಬಟ್ಟೆಯ ಥಾನನ್ನು ಬಿಚ್ಚಿ ಕೋಣೆಯ ತುಂಬ ಡೇರೆಯಂತೆ ಕಟ್ಟಿ, ಒಳಗೆ ಕೂರಿಸಿಕೊಂಡು ಕತೆ ಹೇಳಿದ ದಿನ. ಡಾಕ್ಟರಮ್ಮನ ಎದುರಿನಿಂದ ಏಳುವಾಗ, ಅದೂ ಕಾಯಿಲೆನಾ ಎಂದು ಕೇಳಿಬಿಟ್ಟೆ. "ಅವತ್ತು ರಾತ್ರಿ ಅಮ್ಮ ಮಲಗಿದ್ರಾ?" ಎಂದರು. ಗೊರಕೆ ಹೊಡೀತಿದ್ದಳು, ನಾನೇ ಕೇಳಿದೀನಿ ಎಂದೆ. "ಮಾರನೇ ದಿನ?" ಎಂದಿನ ಹಾಗೆ ಹೊಲಿಯುತ್ತಿದ್ದಳು ಎಂದೆ. "ಹಾಗಾದ್ರೆ ಅದು ನನಗೆ ಬೇಡ, ಮನೆಗೆ ತಗೊಂಡು ಹೋಗು" ಎಂದು ನಕ್ಕರು. ಕುಣಿಯುತ್ತಾ ಹೊರಗೆ ಬಂದೆ. ಕಾರಿಡಾರಿನಲ್ಲಿ ಅಣ್ಣ ಮೆಲ್ಲಗೆ ಹೇಳಿದ, "ಗೊರಕೆ ಹೊಡೆದಿದ್ದು ನಾನು ಕಣೇ." ಆ ರಾತ್ರಿ ನೀನು ಮಲಗಿದ್ದೆಯೋ ಇಲ್ಲವೋ ನಿನಗೊಬ್ಬಳಿಗೇ ಗೊತ್ತು. ಇದನ್ನು ನಾನು ಹೇಳುವುದಿಲ್ಲ ಅಮ್ಮ. ನಾಳೆ ಅವರು ಬಂದಾಗ ನೀನೇ ಹೇಳು.